ಜೀಜೀ ಗಿಡ: ಒಂದು ಕುಂಡದಿಂದ ಹತ್ತು ಗಿಡ ಮಾಡಿಕೊಳ್ಳುವುದು ಹೇಗೆ

ಜೀಜೀ ಗಿಡ ಈಗ ಎಲ್ಲಿ ನೋಡಿದರೂ ಇದೆ. ಬ್ಯಾಂಕಿನ ಕೌಂಟರ್ ಪಕ್ಕದಲ್ಲಿದೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿಯೂ ಬರುತ್ತದೆ. ದಪ್ಪನೆಯ ಕಡ್ಡಿ, ಅದರ ಎರಡೂ ಬದಿಗೆ ಫಳಫಳ ಹೊಳೆಯುವ ದಪ್ಪ ಎಲೆ. ನರ್ಸರಿಯಲ್ಲಿ ಚೆನ್ನಾಗಿ ತುಂಬಿಕೊಂಡ ಒಂದು ಕುಂಡಕ್ಕೆ ನೂರಾರು ರೂಪಾಯಿ ಹೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ಗಿಡ ಬೆಳೆಯುವುದು ಬಹಳ ನಿಧಾನ, ಮಾರುವ ಮಟ್ಟಕ್ಕೆ ಬರಬೇಕಾದರೆ ನರ್ಸರಿಯವರು ಅದನ್ನು ತುಂಬಾ ದಿನ ಸಾಕಬೇಕು. ಆ ಕಾಯುವ ಕೆಲಸವನ್ನು ನಾವೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ನಿಜವಾದ ಕೆಲಸ ಇರುವುದು ಮೊದಲ ದಿನ ಒಂದರ್ಧ ಗಂಟೆ ಮಾತ್ರ. ಆಮೇಲೆ ಕೈಕಟ್ಟಿ ಕೂರುವುದೇ ಕೆಲಸ, ಹೆಚ್ಚಿನವರು ಸೋಲುವುದೂ ಅಲ್ಲೇ.

ನಾನು ಇರುವುದು ಕೋಲಾರದಲ್ಲಿ. ಇಲ್ಲಿನ ಹವೆ, ಇಲ್ಲಿನ ಬೋರ್‌ವೆಲ್ ನೀರು, ಇಲ್ಲಿ ಸುಲಭವಾಗಿ ಸಿಗುವ ಸಾಮಾನು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಬರೆದಿದ್ದೇನೆ. ಚಿಕ್ಕಬಳ್ಳಾಪುರ, ತುಮಕೂರಿನವರಿಗೂ ಹೆಚ್ಚುಕಮ್ಮಿ ಇದೇ ನಡೆಯುತ್ತದೆ.

ಮೊದಲು ಗಿಡವನ್ನು ಅರ್ಥ ಮಾಡಿಕೊಳ್ಳಿ

ನಾವು ಕಡ್ಡಿ ಅನ್ನುವುದು ನಿಜವಾಗಿ ಕಡ್ಡಿಯೇ ಅಲ್ಲ. ಅದು ಒಂದು ದೊಡ್ಡ ಎಲೆಯ ನಡುದಂಟು. ಅದರ ಎರಡೂ ಬದಿಗೆ ಇರುವವು ಆ ದೊಡ್ಡ ಎಲೆಯ ಕಿರು ಎಲೆಗಳು, ನುಗ್ಗೆಸೊಪ್ಪಿನಲ್ಲಿ ಇರುವಂಥವೇ, ಇವು ದಪ್ಪ ಅಷ್ಟೆ. ಗಿಡದ ನಿಜವಾದ ಕಾಂಡ ಇರುವುದು ಮಣ್ಣಿನ ಕೆಳಗೆ, ಗೆಡ್ಡೆಯ ರೂಪದಲ್ಲಿ. ಜೀಜೀ ಗಿಡ ಕಳ್ಳಿ ಜಾತಿಯದ್ದಲ್ಲ, ಕೆಸುವಿನ ಕುಟುಂಬದ್ದು. ಕೆಸು, ಸುವರ್ಣಗೆಡ್ಡೆ, ಮನಿ ಪ್ಲಾಂಟ್, ಆಂಥೂರಿಯಂ ಎಲ್ಲ ಇದರ ನೆಂಟರು. ಹಿತ್ತಲಲ್ಲಿ ಸುವರ್ಣಗೆಡ್ಡೆ ಹಾಕಿದವರಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ಗೆಡ್ಡೆ ಇರುವ ಕಡೆ ನೀರು ನಿಂತರೆ ಕೊಳೆಯುತ್ತದೆ, ಗೆಡ್ಡೆ ಗಟ್ಟಿಯಾಗಿದ್ದರೆ ಮೇಲಿನದೆಲ್ಲ ಒಣಗಿದರೂ ಮತ್ತೆ ಚಿಗುರುತ್ತದೆ. ಜೀಜೀ ಗಿಡವನ್ನು ಎಲೆ ಗಿಡ ಅಂತ ನೋಡಬೇಡಿ, ಗೆಡ್ಡೆ ಬೆಳೆ ಅಂತ ನೋಡಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಇದರ ತವರು ಪೂರ್ವ ಆಫ್ರಿಕಾ. ಕೀನ್ಯಾ, ಟಾಂಜಾನಿಯಾದಿಂದ ಹಿಡಿದು ಕೆಳಗೆ ದಕ್ಷಿಣ ಆಫ್ರಿಕಾದ ತನಕ, ಮಳೆಗಾಲ ಒಂದಷ್ಟು ತಿಂಗಳು, ಉಳಿದದ್ದು ಬೇಸಿಗೆ ಅನ್ನುವಂಥ ಜಾಗಗಳು. ನಮ್ಮ ಬಯಲುಸೀಮೆ ಹವೆ ಅದಕ್ಕೆ ಹೊಸದೇನಲ್ಲ. ಎಲೆಯ ತೂಕದಲ್ಲಿ ಸುಮಾರು 90 ಪರ್ಸೆಂಟ್ ನೀರೇ ಇರುತ್ತದೆ, ದಂಟಿನಲ್ಲಿ ಇನ್ನೂ ಜಾಸ್ತಿ. ನೀರು ಸಾಲದಾದಾಗ ಕಳ್ಳಿಗಳು ಮಾಡುವ ಹಾಗೆ ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು ಉಸಿರಾಡುವ ಉಪಾಯವೂ ಇದಕ್ಕೆ ಗೊತ್ತು. ಬರ ಇನ್ನೂ ಜಾಸ್ತಿಯಾದರೆ ಕಿರು ಎಲೆಗಳನ್ನು ಉದುರಿಸಿಬಿಡುತ್ತದೆ. ಹಾಗೆ ಬಿದ್ದ ಎಲೆಯ ಬುಡದಲ್ಲಿ ಸಣ್ಣ ಗೆಡ್ಡೆ ಕಟ್ಟಿ ಹೊಸ ಗಿಡ ಆಗುತ್ತದೆ. ಅಂದರೆ ಎಲೆಯಿಂದ ಗಿಡ ಮಾಡುವುದು ನಾವು ಕಂಡುಹಿಡಿದ ವಿದ್ಯೆ ಅಲ್ಲ, ಗಿಡವೇ ಬರಗಾಲಕ್ಕೆ ಅಂತ ಇಟ್ಟುಕೊಂಡ ದಾರಿ. ಡಚ್ ನರ್ಸರಿಗಳು 1996ರ ಸುಮಾರಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಮಾರಲು ಶುರು ಮಾಡಿದ ಮೇಲೆ ಪ್ರಪಂಚದ ಎಲ್ಲಾ ಕಡೆ ಹರಡಿತು.

ಯಾವಾಗ ಶುರು ಮಾಡಬೇಕು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಅದಾದ ಮೇಲೆ ಕೈ ಹಾಕಿ. ಫೆಬ್ರವರಿ ಕೊನೆಯಿಂದ ಜುಲೈ ತನಕ ಒಳ್ಳೆಯ ಕಾಲ. ಗೆಡ್ಡೆ ಕಟ್ಟುವುದಕ್ಕೆ ಬೆಚ್ಚಗಿರಬೇಕು, 25ರಿಂದ 30 ಡಿಗ್ರಿ ಇದ್ದರೆ ಚೆನ್ನ. 15 ಡಿಗ್ರಿಗಿಂತ ಕೆಳಗೆ ಹೋದರೆ ಗಿಡ ಏನೂ ಮಾಡದೆ ಸುಮ್ಮನೆ ಕೂತುಬಿಡುತ್ತದೆ. ನಂದಿಬೆಟ್ಟದ ಬುಡದಲ್ಲಿ ಇರುವವರಿಗೆ ಡಿಸೆಂಬರ್, ಜನವರಿ ರಾತ್ರಿಗಳು ಹೇಗಿರುತ್ತವೆ ಅಂತ ನಾನು ಹೇಳಬೇಕಾಗಿಲ್ಲ. ಆ ಕಾಲದಲ್ಲಿ ನೆಟ್ಟರೆ ತಣ್ಣನೆಯ ಒದ್ದೆ ಮಣ್ಣಿನಲ್ಲಿ ಎಲೆ ಸುಮ್ನೆ ಕೊಳೆಯುತ್ತದೆ. ಗೆಡ್ಡೆ ಬೇರ್ಪಡಿಸುವುದನ್ನು ಮಾತ್ರ ಚಳಿ ಬಿಟ್ಟು ಯಾವಾಗ ಬೇಕಾದರೂ ಮಾಡಬಹುದು.

ಮಣ್ಣಿನ ವಿಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಗಿಡ ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಇಲ್ಲೇ ತೀರ್ಮಾನ ಆಗುತ್ತದೆ.

ನಮ್ಮ ಕೆಮ್ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಹೊಲದಲ್ಲಿ ಅದು ಒಳ್ಳೆಯ ಮಣ್ಣೇ, ಆದರೆ ಕುಂಡದಲ್ಲಿ ನಾಲ್ಕು ಸಲ ನೀರು ಹಾಕಿದ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಗಾಳಿ ಆಡುವುದಿಲ್ಲ. ಕೆರೆ ಗೋಡಂತೂ ಬೇಡವೇ ಬೇಡ. ರಾಗಿ ಹೊಲಕ್ಕೆ ಗೋಡು ಹೊಡೆಸಿದರೆ ಬೆಳೆ ಚೆನ್ನಾಗಿ ಬರುತ್ತದೆ, ಯಾಕೆಂದರೆ ಅದು ನೀರು ಹಿಡಿದುಕೊಳ್ಳುತ್ತದೆ. ಜೀಜೀಗೆ ಆಗದಿರುವುದೇ ಅದು.

ದೊಡ್ಡ ಗಿಡಕ್ಕೆ ನಾನು ಬಳಸುವ ಅಳತೆ: ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಮೇಲೆ ಒಂದು ಹಿಡಿ ಎರೆಗೊಬ್ಬರ. ಎಲೆಯಿಂದ ಗಿಡ ಮಾಡುವಾಗ ಮಣ್ಣೂ ಬೇಡ, ಗೊಬ್ಬರವೂ ಬೇಡ. ಅರ್ಧ ಕೊಕೊಪೀಟ್, ಅರ್ಧ ದಪ್ಪ ಮರಳು, ಅಷ್ಟೇ. ಪರ್ಲೈಟ್ (ಮಣ್ಣು ಸಡಿಲವಾಗಿರಲಿ ಅಂತ ಕುಂಡಕ್ಕೆ ಹಾಕುವ ಹಗುರವಾದ ಬಿಳಿ ಕಾಳು) ಇದ್ದರೆ ಮರಳಿನ ಬದಲು ಹಾಕಿ, ಇಲ್ಲ ಅಂತ ಆನ್‌ಲೈನಿನಲ್ಲಿ ತರಿಸುವ ಅಗತ್ಯ ಏನಿಲ್ಲ.

ಕೊಕೊಪೀಟ್ ಅಂದರೆ ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ತುಮಕೂರಿನವರು ಅದೃಷ್ಟವಂತರು, ತಿಪಟೂರು ಕಡೆ ನಾರಿನ ಘಟಕಗಳಿವೆ, ಚೀಲಗಟ್ಟಲೆ ತರಬಹುದು. ನಮಗೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೇರೆ ಅನುಕೂಲ ಇದೆ. ಟೊಮೇಟೊ, ಕ್ಯಾಪ್ಸಿಕಂ ಸಸಿ ಮಾಡುವ ನರ್ಸರಿಗಳು ರಸ್ತೆ ಪಕ್ಕದಲ್ಲೇ ಇವೆ. ಅಲ್ಲಿ ಹೋಗಿ ಕೇಳಿದರೆ ಒಂದು ಬುಟ್ಟಿ ಕೊಕೊಪೀಟ್ ಕೊಡುತ್ತಾರೆ, ಜೊತೆಗೆ ಒಂದೆರಡು ಹಳೇ ಪ್ರೊಟ್ರೇ ಕೂಡ. ಟೊಮೇಟೊ ಸಸಿ ಬೆಳೆಸುವ 98 ಗುಳಿಯ ಪ್ರೊಟ್ರೇ ಇದೆಯಲ್ಲ, ಜೀಜೀ ಎಲೆ ನೆಡುವುದಕ್ಕೆ ಅದು ಹೇಳಿ ಮಾಡಿಸಿದ್ದು. ಒಂದು ಗುಳಿಗೆ ಒಂದು ಎಲೆ, ಒಂದು ಕೊಳೆತರೆ ಪಕ್ಕದ್ದಕ್ಕೆ ಹತ್ತುವುದಿಲ್ಲ.

ಇಟ್ಟಿಗೆಯಂತೆ ಒತ್ತಿದ ಕೊಕೊಪೀಟ್ ತಂದರೆ ಬಕೆಟ್ಟಿನಲ್ಲಿ ನೆನೆಸಿ, ಅರಳಿದ ಮೇಲೆ ಹಳೇ ಪಂಚೆಗೆ ಹಾಕಿ ಹಿಂಡಿ ನೀರು ಚೆಲ್ಲಿ. ಹೀಗೆ ಎರಡು ಮೂರು ಸಲ ಮಾಡಬೇಕು. ಮೊದಲ ನೀರು ಟೀ ಡಿಕಾಕ್ಷನ್ ಬಣ್ಣದಲ್ಲಿ ಇಳಿಯುತ್ತದೆ, ಮಟ್ಟೆಯಲ್ಲಿರುವ ಉಪ್ಪೂ ಅದರ ಜೊತೆ ಹೋಗುತ್ತದೆ. ತೊಳೆಯದೆ ಬಳಸಿದರೆ ಎಳೆ ಬೇರಿನ ತುದಿ ಸುಡುತ್ತದೆ. ಎಂ-ಸ್ಯಾಂಡ್ ಬಳಸುವವರು ಜರಡಿ ಹಿಡಿದು ಸಣ್ಣ ಪುಡಿಯನ್ನು ತೆಗೆದುಹಾಕಿ, ದಪ್ಪನೆಯದನ್ನು ತೊಳೆದು ಇಟ್ಟುಕೊಳ್ಳಿ. ಆ ಸಣ್ಣ ಪುಡಿ ಒಳಗೆ ಉಳಿದರೆ ಕುಂಡದ ತಳದಲ್ಲಿ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಮಾಲೂರು ಕಡೆಯವರಿಗೆ ಇಟ್ಟಿಗೆ ಚೂರಿಗೆ ಬರವಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ದೂಳು ತೊಳೆದು ಹಾಕಿದರೆ ಮರಳಿಗಿಂತ ಒಳ್ಳೆಯದೇ.

ನೀರು

ನಮ್ಮ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ಅದರಿಂದಲೇ. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ, ಅದನ್ನು ದಾಟಿದ ಬೋರ್‌ವೆಲ್‌ಗಳು ನಮ್ಮ ಕಡೆ ಬೇಕಾದಷ್ಟಿವೆ. ಜೀಜೀ ದೊಡ್ಡ ಗಿಡ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಆದರೆ ಹೊಸದಾಗಿ ಬೇರು ಬಿಡುವ ಎಲೆಗೆ ಸಿಹಿನೀರು ಕೊಟ್ಟರೆ ಒಳ್ಳೆಯದು. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಇದಕ್ಕೆ ಬೇಕಾಗುವುದು ವಾರಕ್ಕೊಂದು ಲೋಟ, ಅಷ್ಟಕ್ಕೆ ಎರಡು ಕ್ಯಾನ್ ತುಂಬಿಟ್ಟರೆ ಸಾಕು. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ.

ಒಂದು ವಿಷಯ ಮಾತ್ರ ಜೋರಾಗಿ ಹೇಳಬೇಕು. ಫಿಲ್ಟರಿನ ವೇಸ್ಟ್ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ನೀರು ಹಾಳು ಮಾಡಬಾರದು ಅನ್ನುವುದು ಸರಿ, ಆದರೆ ಆರ್‌ಓ ಮೆಷೀನು ಒಳ್ಳೆ ನೀರನ್ನು ನಮಗೆ ಕೊಟ್ಟು ಅದರಲ್ಲಿದ್ದ ಉಪ್ಪನ್ನೆಲ್ಲ ಆ ಪೈಪಿನಲ್ಲಿ ಹೊರಗೆ ಕಳಿಸುತ್ತದೆ. ಬೋರ್‌ವೆಲ್ ನೀರಿಗಿಂತ ಗಡಸು ಅದು. ನೆಲ ಒರೆಸಿ, ಟಾಯ್ಲೆಟ್ ತೊಳೆಯಿರಿ, ಕುಂಡಕ್ಕೆ ಬೇಡ.

ಮೊದಲ ವಿಧಾನ: ಗೆಡ್ಡೆ ಬೇರ್ಪಡಿಸುವುದು

ದೊಡ್ಡ ಗಿಡ ಇದ್ದರೆ ಇದೇ ಸುಲಭ, ಗ್ಯಾರಂಟಿಯೂ ಹೌದು. ಪ್ಲಾಸ್ಟಿಕ್ ಕುಂಡದ ಹೊಟ್ಟೆ ಉಬ್ಬಿದೆಯಾ, ಮೇಲ್ಮಣ್ಣಿನಲ್ಲಿ ಗೆಡ್ಡೆಯ ತಲೆ ಕಾಣುತ್ತಿದೆಯಾ, ಹಾಗಾದರೆ ಒಳಗೆ ಜಾಗ ಮುಗಿದಿದೆ ಅಂತ ಅರ್ಥ. ಒಂದು ವಾರ ನೀರು ನಿಲ್ಲಿಸಿ. ಮಣ್ಣು ಒಣಗಿದ ಮೇಲೆ ಕುಂಡವನ್ನು ಮಲಗಿಸಿ, ಸುತ್ತಲೂ ತಟ್ಟಿ, ಗಿಡದ ಬುಡ ಹಿಡಿದು ಹೊರಗೆ ಎಳೆಯಿರಿ. ದಂಟು ಹಿಡಿದು ಎಳೆದರೆ ಕಿತ್ತು ಬರುತ್ತದೆ, ಅದು ಬೇಡ. ಬೇರು ಬಿಗಿದುಕೊಂಡಿದ್ದರೆ ಕುಂಡವನ್ನೇ ಕತ್ತರಿಸಿ, ಗಿಡಕ್ಕಿಂತ ಪ್ಲಾಸ್ಟಿಕ್ ಕುಂಡ ಅಗ್ಗ.

ಮಣ್ಣು ಉದುರಿಸಿದರೆ ಗೆಡ್ಡೆಗಳು ಗುಂಪಾಗಿ ಕಾಣುತ್ತವೆ. ಕೆಲವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಂಟಿಕೊಂಡಿರುವುದನ್ನು ಚಾಕುವಿನಿಂದ ಕೊಯ್ಯಿರಿ, ಒಂದೊಂದು ಭಾಗಕ್ಕೂ ಒಂದು ಗೆಡ್ಡೆ, ಒಂದಷ್ಟು ಬೇರು, ಕನಿಷ್ಠ ಒಂದು ದಂಟು ಇರಬೇಕು. ಚಾಕುವನ್ನು ಮೊದಲು ಸ್ಪಿರಿಟ್ ಅಥವಾ ಸ್ಯಾನಿಟೈಜರಿನಲ್ಲಿ ಒರೆಸಿ. ಕೊಯ್ದ ಜಾಗಕ್ಕೆ ಬೂದಿ ಅಥವಾ ಅರಿಶಿನ ಸವರಿ ಒಂದೆರಡು ದಿನ ನೆರಳಿನಲ್ಲಿ ಹಾಗೇ ಬಿಡಿ. ಗಾಯ ಒಣಗಿದ ಮೇಲೆ ನೆಡಿ. ನೆಟ್ಟ ತಕ್ಷಣ ನೀರು ಹಾಕಬೇಡಿ, ನಾಲ್ಕೈದು ದಿನ ತಡೆಯಿರಿ. ಗಿಡ ನೆಟ್ಟು ನೀರು ಹಾಕದೆ ಇರುವುದು ನಮ್ಮ ಕೈಗೆ ಅಭ್ಯಾಸ ಇಲ್ಲ, ಆದರೂ ತಡೆಯಿರಿ. ಗೆಡ್ಡೆಯೊಳಗೆ ನೀರಿದೆ.

ದಂಟು ಇಲ್ಲದ ಬರೀ ಗೆಡ್ಡೆ ಸಿಕ್ಕರೆ ಬಿಸಾಕಬೇಡಿ. ಗಟ್ಟಿಯಾಗಿದ್ದರೆ ಅದನ್ನೂ ಅರ್ಧ ಹೂತಿಡಿ, ಚಿಗುರುತ್ತದೆ.

ಎರಡನೇ ವಿಧಾನ: ದಂಟು

ಒಂದು ಪೂರ್ತಿ ದಂಟನ್ನು ಬುಡದಲ್ಲಿ, ಮಣ್ಣಿಗೆ ಹತ್ತಿರ ಕೊಯ್ಯಿರಿ. ಹೊಸ ಎಳೆ ದಂಟು ಬೇಡ, ಬಲಿತದ್ದು ಆರಿಸಿ. ಒಂದು ದಿನ ನೆರಳಲ್ಲಿ ಇಟ್ಟು ಗಾಯ ಒಣಗಿಸಿ. ಆಮೇಲೆ ಎರಡು ದಾರಿ ಇದೆ. ನೀರಿನಲ್ಲಿ ಇಡಬಹುದು, ಇಲ್ಲ ಮೇಲೆ ಹೇಳಿದ ಕೊಕೊಪೀಟ್ ಮಿಶ್ರಣದಲ್ಲಿ ನೆಡಬಹುದು.

ನೀರಿನಲ್ಲಿ ಇಡುವವರು ಗಾಜಿನ ಬಾಟಲಿ ತೆಗೆದುಕೊಂಡು ತಳದ ಎರಡು ಇಂಚು ಮಾತ್ರ ಮುಳುಗುವಷ್ಟು ನೀರು ಹಾಕಿ. ನೀರಿನಲ್ಲಿ ಮುಳುಗುವ ಎಲೆ ಇದ್ದರೆ ಕಿತ್ತುಹಾಕಿ, ಅದು ಕೊಳೆತು ನೀರು ನಾರುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ. ತಿಂಗಳೆರಡು ತಿಂಗಳಾದ ಮೇಲೆ ದಂಟಿನ ಬುಡ ಊದಿಕೊಳ್ಳುತ್ತದೆ, ಅಲ್ಲಿಂದ ಬಿಳಿ ಬೇರು ಬರುತ್ತದೆ. ಕಣ್ಣಿಗೆ ಕಾಣುತ್ತದೆ ಅನ್ನುವುದೊಂದೇ ಇದರ ಲಾಭ, ಮಕ್ಕಳಿರುವ ಮನೆಗೆ ಚೆನ್ನ. ನನ್ನನ್ನು ಕೇಳಿದರೆ ನೇರವಾಗಿ ಕೊಕೊಪೀಟಿನಲ್ಲೇ ನೆಡಿ. ನೀರಿನಲ್ಲಿ ಬಂದ ಬೇರು ಮಣ್ಣಿಗೆ ಹಾಕಿದಾಗ ಮತ್ತೆ ಒಗ್ಗಿಕೊಳ್ಳಬೇಕು, ಆಗ ಕೆಲವು ಹೋಗುತ್ತವೆ.

ಉದ್ದ ದಂಟನ್ನು ಎರಡೆರಡು ಎಲೆ ಇರುವ ತುಂಡುಗಳಾಗಿ ಕೊಯ್ದು ನೆಟ್ಟರೂ ಗಿಡ ಆಗುತ್ತದೆ. ಯಾವ ತುದಿ ಕೆಳಗಿತ್ತು ಅನ್ನುವುದು ಮರೆತುಹೋಗದಂತೆ ನೋಡಿಕೊಳ್ಳಿ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡುವುದಿಲ್ಲ. ಕೊಯ್ಯುವಾಗಲೇ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕೊಯ್ದರೆ ಗೊಂದಲ ಇರುವುದಿಲ್ಲ.

ಮೂರನೇ ವಿಧಾನ: ಒಂದೊಂದು ಎಲೆ

ತಾಳ್ಮೆ ಇದ್ದವರಿಗೆ ಇದು. ಒಂದು ದಂಟಿನಲ್ಲಿ ಹತ್ತು ಹನ್ನೆರಡು ಕಿರು ಎಲೆ ಇರುತ್ತವೆ, ಅಷ್ಟೂ ಗಿಡ ಆಗಬಹುದು. ತಾಯಿ ಗಿಡಕ್ಕೂ ಹೆಚ್ಚು ನೋವಿಲ್ಲ, ಒಂದು ದಂಟು ಕೊಟ್ಟರೆ ಸಾಕು. ಅಕ್ಕಪಕ್ಕದವರ ಹತ್ತಿರ ಕೇಳಿ ತರುವುದಕ್ಕೂ ಇದೇ ಸರಿ. ಗಿಡ ಕೊಡಿ ಅಂತ ಕೇಳಲು ಸಂಕೋಚ, ನಾಲ್ಕು ಎಲೆ ಕೊಡಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಎಲೆ ಬಲಿತಿರಬೇಕು, ಕಡು ಹಸಿರಾಗಿರಬೇಕು, ಮಚ್ಚೆ ಇರಬಾರದು. ಕೈಯಿಂದ ಚಿವುಟಬೇಡಿ. ಎಲೆ ದಂಟಿಗೆ ಸೇರುವ ಜಾಗದಲ್ಲಿ ಒಂದು ಸಣ್ಣ ಗಂಟು ಇದೆ, ಅದು ಎಲೆಯ ಜೊತೆಗೇ ಬರುವಂತೆ ಬ್ಲೇಡಿನಿಂದ ಕೊಯ್ಯಿರಿ. ದಂಟಿನ ಚೂರು ಒಂದಿಷ್ಟು ಅಂಟಿಕೊಂಡು ಬಂದರೆ ಇನ್ನೂ ಒಳ್ಳೆಯದು. ಗೆಡ್ಡೆ ಕಟ್ಟುವುದು ಅಲ್ಲೇ. ಕೊಯ್ದ ಎಲೆಗಳನ್ನು ಪೇಪರಿನ ಮೇಲೆ ಹರಡಿ ನೆರಳಿನಲ್ಲಿ ಒಂದು ದಿನ ಬಿಡಿ, ಮಳೆಗಾಲದಲ್ಲಾದರೆ ಎರಡು ದಿನ. ಗಾಯ ಮುಟ್ಟಿ ನೋಡಿ, ಅಂಟಂಟು ಇರಬಾರದು, ಒರಟಾಗಿ ಒಣಗಿರಬೇಕು.

ಬೇರು ಬರಿಸುವ ಪುಡಿ ಹಾಕಬೇಕಾ ಅಂತ ಕೇಳುತ್ತಾರೆ. ಇದ್ದರೆ ಒಂದು ಚಿಟಿಕೆ ಅದ್ದಿ, ಇಲ್ಲದಿದ್ದರೂ ಬರುತ್ತದೆ. ಜೇನುತುಪ್ಪ, ಲೋಳೆಸರ, ಆಸ್ಪಿರಿನ್ ಮಾತ್ರೆ ಇವೆಲ್ಲ ಓದುವುದಕ್ಕೆ ಚೆಂದ, ಈ ಗಿಡಕ್ಕೆ ಬೇಕಾಗಿಲ್ಲ. ಶಿಲೀಂಧ್ರನಾಶಕ ಮಾತ್ರ ಮಳೆಗಾಲದಲ್ಲಿ ಪ್ರಯೋಜನಕ್ಕೆ ಬರುತ್ತದೆ. ಗೊಬ್ಬರದಂಗಡಿಯಲ್ಲಿ ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ ಸಿಗುತ್ತದೆ, ಲೀಟರಿಗೆ 2 ಗ್ರಾಂ ಕಲಸಿ ಒಂದು ಸಲ ಕೊಕೊಪೀಟಿಗೆ ಚಿಮುಕಿಸಿ. ಕೈಗೆ ಗ್ಲೌಸ್ ಇರಲಿ, ಅಡುಗೆಮನೆಯ ಚಮಚ ಬಳಸಬೇಡಿ.

ಪ್ರೊಟ್ರೇ ಇಲ್ಲದವರು ಮೊಸರಿನ ಡಬ್ಬ, ಬಿರಿಯಾನಿ ಪಾರ್ಸೆಲ್ ಬಂದ ಡಬ್ಬ ಏನು ಬೇಕಾದರೂ ಬಳಸಿ. ಕಾಯಿಸಿದ ದಬ್ಬಳದಿಂದ ತಳಕ್ಕೆ ಐದಾರು ತೂತು ಮಾಡಿ. ತೂತು ಇಲ್ಲದ ಡಬ್ಬದಲ್ಲಿ ಕಲ್ಲು ತುಂಬಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ನೀರು ಕಲ್ಲಿನ ಮಟ್ಟದಲ್ಲಿ ನಿಂತು ಹಾಗೇ ಮೇಲಕ್ಕೆ ಹತ್ತುತ್ತದೆ. ಕೊಕೊಪೀಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದು ಹನಿ ಬಂದೂ ಬರದಂತೆ ಇರಬೇಕು. ನೀರು ಸುರಿದರೆ ಜಾಸ್ತಿ ಒದ್ದೆ, ಉಂಡೆ ಕಟ್ಟದೆ ಉದುರಿದರೆ ಒಣಗಿದೆ.

ಪೆನ್ಸಿಲಿನಿಂದ ಗುಳಿ ಮಾಡಿ ಎಲೆಯ ಬುಡವನ್ನು ಮೂರನೇ ಒಂದು ಭಾಗ ಒಳಗೆ ಹೋಗುವಂತೆ ಇಳಿಸಿ, ಸುತ್ತ ಮೆತ್ತಗೆ ಒತ್ತಿ. ನೆಟ್ಟಗೆ ನಿಲ್ಲಬೇಕು ಅಂತೇನಿಲ್ಲ, ಸ್ವಲ್ಪ ವಾಲಿದರೂ ಪರವಾಗಿಲ್ಲ. ಅಂಚಿನಲ್ಲಿ ತಾರೀಕು ಬರೆದ ಒಂದು ಚೀಟಿ ಸಿಕ್ಕಿಸಿ. ಇದು ತಮಾಷೆಗೆ ಹೇಳಿದ್ದಲ್ಲ, ನಾಲ್ಕು ತಿಂಗಳಾದ ಮೇಲೆ ಯಾವಾಗ ನೆಟ್ಟದ್ದು ಅಂತ ಯಾರಿಗೂ ನೆನಪಿರುವುದಿಲ್ಲ, ಎರಡೇ ತಿಂಗಳಿಗೆ ವರ್ಷವಾದಂತೆ ಅನ್ನಿಸುತ್ತದೆ.

ಎಲ್ಲಿ ಇಡಬೇಕು ಅಂದರೆ, ಬೆಳಕು ಬೇಕು, ಬಿಸಿಲು ಬೇಡ. ಪೂರ್ವದ ಕಿಟಕಿ ಪಕ್ಕ, ಸಜ್ಜಾದ ಕೆಳಗೆ, ಟೆರೇಸಿನಲ್ಲಿ ಶೇಡ್‌ನೆಟ್ ಇದ್ದರೆ ಅದರಡಿ. ಕತ್ತಲ ಮೂಲೆಯಲ್ಲೂ ಜೀಜೀ ಬದುಕುತ್ತದೆ ಅನ್ನುವುದು ನಿಜ, ಆದರೆ ಬದುಕುವುದೇ ಬೇರೆ, ಬೆಳೆಯುವುದೇ ಬೇರೆ. ಎಲೆಗೆ ಗೆಡ್ಡೆ ಕಟ್ಟಲು ಬೆಳಕು ಬೇಕೇ ಬೇಕು. ಏಪ್ರಿಲ್ ಬಿಸಿಲಿಗೆ ಕಾದ ಟೆರೇಸಿನ ನೆಲದ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಕೊಡಿ. ಪ್ಲಾಸ್ಟಿಕ್ ಕವರ್ ಮುಚ್ಚುವ ಅಗತ್ಯ ಇಲ್ಲ.

ನೀರು: ಮೇಲಿನ ಒಂದು ಇಂಚು ಪೂರ್ತಿ ಒಣಗಿದೆ ಅಂತ ಬೆರಳು ಹಾಕಿ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ. ಬೇಸಿಗೆಯಲ್ಲಿ ಸುಮಾರು ವಾರಕ್ಕೊಮ್ಮೆ ಆಗಬಹುದು, ಜಡಿಮಳೆ ಹಿಡಿದಾಗ ಹದಿನೈದು ದಿನಕ್ಕೂ ಬೇಡವಾಗಬಹುದು. ವಾರದ ಲೆಕ್ಕ ನಂಬಬೇಡಿ, ಬೆರಳು ನಂಬಿ.

ಕಾಯುವ ಕಾಲ

ಮೊದಲ ಎರಡು ತಿಂಗಳು ಏನೂ ಕಾಣುವುದಿಲ್ಲ. ಎಲೆ ಹೇಗಿತ್ತೋ ಹಾಗೇ ಇರುತ್ತದೆ. ಒಳಗೆ ಮಾತ್ರ ಬುಡದ ಗಾಯದ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಟ್ಟಿ, ಬಿಳಿಯಿಂದ ನಸುಗಂದು ಬಣ್ಣಕ್ಕೆ ತಿರುಗಿ, ಕಡಲೆಕಾಯಿ ಬೀಜದಷ್ಟು ಆಗುತ್ತದೆ. ಅದರ ಕೆಳಗಿಂದ ದಪ್ಪ ಬಿಳಿ ಬೇರು ಇಳಿಯುತ್ತದೆ. ಗೆಡ್ಡೆ ತನ್ನ ಹೊಟ್ಟೆ ತುಂಬಿಸಿಕೊಂಡ ಮೇಲೇ ಚಿಗುರಿನ ಯೋಚನೆ ಮಾಡುವುದು. ಅದಕ್ಕೆ ಆರು ತಿಂಗಳು ಹಿಡಿಯಬಹುದು, ಮಧ್ಯದಲ್ಲಿ ಚಳಿಗಾಲ ಬಂದರೆ ವರ್ಷವೂ ಆಗಬಹುದು.

ಎದುರುಮನೆ ಹುಡುಗಿ ಒಬ್ಬಳು ನನ್ನ ಹತ್ತಿರ ಎಲೆ ತೆಗೆದುಕೊಂಡು ಹೋಗಿದ್ದಳು. ಕಾಂಪೌಂಡ್ ಹತ್ತಿರ ಸಿಕ್ಕಾಗ ಕೇಳಿದಳು, "ಅಕ್ಕಾ, ಆರು ತಿಂಗಳಾದ್ರೂ ಒಂದು ಚಿಗುರೂ ಇಲ್ಲ, ಕಿತ್ತು ಬಿಸಾಕ್ಲಾ?"

"ಎಲೆ ಹಸಿರಾಗಿದ್ಯಾ?"

"ಹೂಂ, ಇದೆ."

"ಹಾಗಾದ್ರೆ ಒಳಗೆ ಕೆಲಸ ನಡೀತಿದೆ. ಸುಮ್ನೆ ಇರು ಕಣೇ."

ಕಿತ್ತು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಕಿತ್ತರೆ ಎಳೆ ಬೇರು ಮುರಿಯುತ್ತದೆ, ಮತ್ತೆ ಮೊದಲಿಂದ ಶುರು. ನೋಡಲೇಬೇಕು ಅನ್ನಿಸಿದರೆ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಮೇಲಕ್ಕೆ ಎತ್ತಿ ನೋಡಿ. ತಡೆದಂತೆ ಆದರೆ ಬೇರಿದೆ. ಸಲೀಸಾಗಿ ಬಂದರೆ ಇನ್ನೂ ಇಲ್ಲ, ಹಾಗೇ ಒಳಗೆ ಇಟ್ಟುಬಿಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕೆಲವು ಎಲೆಗಳು ಗೆಡ್ಡೆ ಕಟ್ಟಿದ ಮೇಲೆ ಹಳದಿಯಾಗಿ ಒಣಗುತ್ತವೆ. ತನ್ನಲ್ಲಿದ್ದದ್ದನ್ನೆಲ್ಲ ಗೆಡ್ಡೆಗೆ ಕೊಟ್ಟಾಗಿದೆ, ಅಷ್ಟೇ. ಎಲೆ ಹೋಯಿತು ಅಂತ ಡಬ್ಬ ಖಾಲಿ ಮಾಡುವ ಮೊದಲು ಬುಡದಲ್ಲಿ ಬೆರಳಾಡಿಸಿ ನೋಡಿ. ಗಟ್ಟಿ ಗೆಡ್ಡೆ ಸಿಕ್ಕರೆ ಮುಚ್ಚಿಡಿ, ಗಿಡ ಅದರಿಂದಲೇ ಬರುತ್ತದೆ. ಒಣಗಿ ಹಳದಿಯಾಗುವುದಕ್ಕೂ ಕೊಳೆಯುವುದಕ್ಕೂ ವ್ಯತ್ಯಾಸ ಇದೆ. ಕೊಳೆತದ್ದು ಬುಡದಿಂದ ಕಪ್ಪಾಗುತ್ತದೆ, ಮುಟ್ಟಿದರೆ ಲೋಳೆ, ವಾಸನೆ ಬೇರೆ. ಅದನ್ನು ಕೂಡಲೇ ತೆಗೆದುಹಾಕಿ, ಸುತ್ತಲಿನ ಕೊಕೊಪೀಟನ್ನೂ ಒಂದು ಚಮಚ ಎತ್ತಿ ಬಿಸಾಕಿ. ಕೊಳೆತದ್ದು ಬುಡ ಮಾತ್ರ ಆಗಿ ಮೇಲಿನ ಅರ್ಧ ಗಟ್ಟಿಯಾಗಿದ್ದರೆ ಕೊಳೆತ ಭಾಗ ಕೊಯ್ದು, ಒಣಗಿಸಿ, ಮತ್ತೆ ನೆಡಬಹುದು. ಬರುವ ಸಾಧ್ಯತೆ ಕಮ್ಮಿ, ಆದರೆ ಕಳೆದುಕೊಳ್ಳುವುದು ಏನಿದೆ.

ಡಬ್ಬದ ಮೇಲೆ ಸಣ್ಣ ಕರಿ ನೊಣಗಳು ಹಾರಾಡಿದರೆ ನೀರು ಜಾಸ್ತಿಯಾಗಿದೆ ಅಂತ ಅವೇ ಹೇಳುತ್ತಿವೆ. ಔಷಧಿ ಬೇಡ, ಒಣಗಲು ಬಿಡಿ. ಎಲೆಯ ಸಂದಿನಲ್ಲಿ ಹತ್ತಿಯಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ.

ಮಕ್ಕಳು, ನಾಯಿ, ಬೆಕ್ಕು

ಕೆಸು ಹಸಿಯಾಗಿ ತಿಂದರೆ ಗಂಟಲು ತುರಿಸುತ್ತದಲ್ಲ, ಅದೇ ಸಮಾಚಾರ ಇಲ್ಲೂ ಇದೆ. ಗಿಡದ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳಿರುತ್ತವೆ. ಅಗಿದರೆ ಬಾಯಿ, ಗಂಟಲು ಉರಿಯುತ್ತದೆ, ಚರ್ಮ ಸೂಕ್ಷ್ಮ ಇರುವವರಿಗೆ ಕೈ ತುರಿಸುತ್ತದೆ. ಕೊಯ್ದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದಕ್ಕೆ ಮೊದಲು ಕಣ್ಣು ಮುಟ್ಟಬೇಡಿ. ಈ ಗಿಡ ಮನೆಯಲ್ಲಿದ್ದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುವುದೆಲ್ಲ ಸುಳ್ಳು. ಹಾಗೆಯೇ ಒಂದು ಕುಂಡ ಇಟ್ಟರೆ ಕೋಣೆಯ ಗಾಳಿಯೆಲ್ಲ ಶುದ್ಧ ಅನ್ನುವುದನ್ನೂ ಜಾಸ್ತಿ ನಂಬಬೇಡಿ. ನೋಡಲು ಚೆಂದ, ಸಾಕಲು ಸುಲಭ, ಇಟ್ಟುಕೊಳ್ಳಲು ಅಷ್ಟು ಸಾಕಲ್ವಾ?

ಇದೇ ರೀತಿ ಬೇರೆ ಗಿಡ

ಸ್ನೇಕ್ ಪ್ಲಾಂಟಿನ ಎಲೆಯನ್ನು ಮೂರ್ನಾಲ್ಕು ಇಂಚಿನ ತುಂಡು ಮಾಡಿ ಇದೇ ಮಿಶ್ರಣದಲ್ಲಿ ನೆಡಬಹುದು, ಅದಕ್ಕೂ ಮೇಲು ಕೆಳಗು ತಪ್ಪಬಾರದು. ಒಂದೇ ತೊಂದರೆ, ಹಳದಿ ಅಂಚು ಇರುವ ಜಾತಿಯ ಎಲೆ ತುಂಡಿನಿಂದ ಬರುವ ಮರಿಗೆ ಆ ಹಳದಿ ಇರುವುದಿಲ್ಲ, ಬರೀ ಹಸಿರು ಬರುತ್ತದೆ. ಹಳದಿ ಬೇಕಾದರೆ ಬುಡದಿಂದ ಮರಿಯನ್ನೇ ಬೇರ್ಪಡಿಸಬೇಕು. ಜೇಡ್ ಗಿಡದ ಒಂದು ರೆಂಬೆ ಮುರಿದು ಮೂರ್ನಾಲ್ಕು ದಿನ ಒಣಗಿಸಿ ಚುಚ್ಚಿದರೆ ಸಾಕು, ಬೇಗ ಹಿಡಿಯುತ್ತದೆ. ಜೀಜೀಯಷ್ಟು ಕಾಯಿಸುವ ಗಿಡ ಇವುಗಳಲ್ಲಿ ಇನ್ನೊಂದಿಲ್ಲ.

ಚಿಗುರು ಬಂದ ಮೇಲೆ

ಚಿಗುರು ಮಣ್ಣಿನಿಂದ ಚೂಪಾಗಿ, ಸುರುಳಿ ಸುತ್ತಿಕೊಂಡು ಏಳುತ್ತದೆ. ಬಣ್ಣ ತಿಳಿಹಸಿರು, ಮೆತ್ತಗೆ. ಆಗ ಮುಟ್ಟಬೇಡಿ, ಜಾಗ ಬದಲಿಸಬೇಡಿ. ಅದು ಬಿಚ್ಚಿಕೊಂಡು ಎಲೆ ಗಟ್ಟಿಯಾಗಿ ಹೊಳಪು ಬಂದ ಮೇಲೆ ಪ್ರೊಟ್ರೇಯಿಂದ ತೆಗೆದು ನಾಲ್ಕು ಇಂಚಿನ ಕುಂಡಕ್ಕೆ ಹಾಕಿ, ಮೇಲೆ ಹೇಳಿದ ದೊಡ್ಡ ಗಿಡದ ಮಣ್ಣಿನಲ್ಲಿ. ಗುಳಿಯ ತಳದಿಂದ ಬೆರಳಲ್ಲಿ ಒತ್ತಿದರೆ ಕೊಕೊಪೀಟ್ ಸಮೇತ ಎದ್ದು ಬರುತ್ತದೆ. ಹಳೇ ಎಲೆ ಹಸಿರಾಗೇ ಇದ್ದರೆ ಕೀಳಬೇಡಿ, ಅದು ಇನ್ನೂ ದುಡಿಯುತ್ತಿದೆ. ಮೂರು ನಾಲ್ಕು ಸಸಿಗಳನ್ನು ಒಂದೇ ಆರು ಇಂಚಿನ ಕುಂಡದಲ್ಲಿ ಒಟ್ಟಿಗೆ ಹಾಕಿದರೆ ಬೇಗ ತುಂಬಿದಂತೆ ಕಾಣುತ್ತದೆ, ನರ್ಸರಿಗಳಲ್ಲೂ ಹೀಗೆ ಮಾಡುತ್ತಾರೆ.

ಗೊಬ್ಬರ ಇಲ್ಲಿಯ ತನಕ ಬೇಡ. ಕುಂಡಕ್ಕೆ ಬಂದು ಒಂದೆರಡು ತಿಂಗಳಾದ ಮೇಲೆ ಒಂದು ಚಮಚ ಎರೆಗೊಬ್ಬರ ಸಾಕು. ಮನೆಯಲ್ಲಿ ಯಾರಾದರೂ ಟೊಮೇಟೊ ಬೆಳೆಯುವವರಿದ್ದರೆ 19 ಆಲ್ ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 19 ಪರ್ಸೆಂಟ್ ಇರುವ, ನೀರಿನಲ್ಲಿ ಕರಗುವ ಪುಡಿ) ಇದ್ದೇ ಇರುತ್ತದೆ, ಅದರಲ್ಲಿ ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಬೇಸಿಗೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೊಡಬಹುದು. ಹೊಲಕ್ಕೆ ಹಾಕುವ ಅಳತೆ ಇಲ್ಲಿ ಹಾಕಬೇಡಿ. ಮುಂದಿನ ಕುಂಡ ಬದಲಿಸುವಾಗ ಈಗಿರುವುದಕ್ಕಿಂತ ಒಂದು, ಒಂದೂವರೆ ಇಂಚು ಅಗಲ ಇದ್ದರೆ ಸಾಕು. ಒಂದೇ ಸಲ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿ ಉಳಿದು ಗೆಡ್ಡೆ ಕೊಳೆಯುತ್ತದೆ.